ನಿಮಗಿದು ಗೊತ್ತೇ? ಮನೆಯಲ್ಲಿ ಎರೆದ ಸೀಸದ ಗುಂಡು ಗುರಿ ಮುಟ್ಟುವುದು ಹೇಗೆ

ಕೋವಿಮದ್ದು ಹುಟ್ಟುವುದಕ್ಕೆ ಸಾವಿರ ವರ್ಷಕ್ಕೂ ಹಿಂದೆಯೇ ಸೀಸದ ಗುಂಡು ಇತ್ತು. ಗ್ರೀಕರೂ ರೋಮನ್ನರೂ ಕವಣೆಯಲ್ಲಿಟ್ಟು ಬೀಸುತ್ತಿದ್ದ, ಬಾದಾಮಿ ಆಕಾರದ ಗುಂಡುಗಳನ್ನು ಅಚ್ಚಿನಲ್ಲಿ ಎರಕ ಹೊಯ್ಯುತ್ತಿದ್ದರು. ಕೆಲವು ಗುಂಡುಗಳ ಮೈಮೇಲೆ ಗ್ರೀಕ್ ಅಕ್ಷರಗಳಲ್ಲಿ ‘ತಗೋ’ ಎಂದು ಮೂಡಿಸಿದ್ದೂ ಉಂಟು. ನೆದರ್ಲೆಂಡ್ಸ್‌ನ ವೆಲ್ಸೆನ್‌ನಲ್ಲಿ ಸಿಕ್ಕ ಕೆಲವು ರೋಮನ್ ಗುಂಡುಗಳು ಇನ್ನೂ ಅವಸರದವು. ಮರಳಿಗೆ ಬೆರಳು ಚುಚ್ಚಿ, ಆದ ಕುಳಿಗೆ ಕಾದ ಸೀಸ ಸುರಿದು ಮಾಡಿದಂಥವು.

ಸೀಸವೇ ಯಾಕೆ? ಅದು 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಕಬ್ಬಿಣ ಕರಗಲು 1,500 ಡಿಗ್ರಿಗೂ ಹೆಚ್ಚು ಬೇಕು. ಸೀಸದ ಸಾಂದ್ರತೆ 11.34, ಕಬ್ಬಿಣದ್ದು 7.87. ಅಂದರೆ ಸಣ್ಣ ಗಾತ್ರದಲ್ಲಿ ಹೆಚ್ಚು ತೂಕ, ಗಾಳಿಯನ್ನು ಸೀಳಿಕೊಂಡು ಹೋಗಲು ಹೆಚ್ಚು ಬಲ. ಇದೆಲ್ಲಕ್ಕಿಂತ ದೊಡ್ಡ ಗುಣ ಅದರ ಮೆದುತನ. ಉಕ್ಕಿನ ನಳಿಗೆಯನ್ನು ಸವೆಸದೆ, ತಾನೇ ಒತ್ತಿಸಿಕೊಂಡು ನಳಿಗೆಯ ಆಕಾರ ಪಡೆಯುತ್ತದೆ. ಮನೆಯಲ್ಲಿ ಎರೆದ ಗುಂಡು ಗುರಿ ಮುಟ್ಟುವುದೂ ಗುರಿ ತಪ್ಪುವುದೂ ಈ ಮೆದುತನದಿಂದಲೇ. ಮುಂದಿನ ಸಂಗತಿಗಳನ್ನೆಲ್ಲ ಈ ಒಂದು ಮಾತು ನೆನಪಿಟ್ಟುಕೊಂಡು ಓದಿ.

ರಾಜನ ಪ್ರತಿಮೆಯೊಂದು ಗುಂಡುಗಳಾದದ್ದು ಗೊತ್ತೇ? 1776ರ ಜುಲೈ 9ರಂದು ನ್ಯೂಯಾರ್ಕಿನ ಜನ ಬ್ರಿಟನ್ನಿನ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆಯನ್ನು ಹಗ್ಗ ಹಾಕಿ ಉರುಳಿಸಿದರು. ಅದರ ತುಂಡುಗಳು ಕನೆಕ್ಟಿಕಟ್‌ನ ಲಿಚ್‌ಫೀಲ್ಡ್ ಊರಿಗೆ ಹೋದವು. ಅಲ್ಲಿ ಆಲಿವರ್ ವಾಲ್ಕಾಟ್ ಅವರ ಮನೆಯಲ್ಲಿ ಹೆಂಗಸರೂ ಮಕ್ಕಳೂ ಕೂತು ಎರಕ ಹೊಯ್ದರು. ಲೆಕ್ಕ ಬರೆದಿಟ್ಟಿದ್ದಾರೆ: 42,088 ಗುಂಡುಗಳು. ಮನೆ ಎರಕದ ಚರಿತ್ರೆಯಲ್ಲಿ ಇದಕ್ಕಿಂತ ಖಚಿತವಾದ, ಇದಕ್ಕಿಂತ ರೋಮಾಂಚಕವಾದ ದಾಖಲೆ ನನಗೆ ಕಂಡಿಲ್ಲ.

ಚರೆ ಎಂಬ ಸೀಸದ ಸಣ್ಣ ಕಾಳು ದುಂಡಗಾಗಲು ಅಚ್ಚೇ ಬೇಡ. ಎತ್ತರದ ಗೋಪುರದಿಂದ ಜರಡಿಯ ಮೂಲಕ ಕರಗಿದ ಸೀಸ ಸುರಿದರೆ, ಬೀಳುವಾಗಲೇ ಮೇಲ್ಮೈ ಸೆಳೆತದಿಂದ ಹನಿಗಳು ಗೋಲವಾಗಿ, ಕೆಳಗಿನ ನೀರಿನಲ್ಲಿ ಗಟ್ಟಿಯಾಗುತ್ತವೆ. ಬ್ರಿಸ್ಟಲ್‌ನ ವಿಲಿಯಂ ವಾಟ್ಸ್ 1782ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬಾಲ್ಟಿಮೋರ್‌ನಲ್ಲಿ 1828ರಲ್ಲಿ ಕಟ್ಟಿದ ಇಂಥ ಗೋಪುರದ ಎತ್ತರ 71 ಮೀಟರ್. ಅದು ಇಂದಿಗೂ ನಿಂತಿದೆ.

ರೈಫಲ್‌ಗೂ ಹಳೆಯ ಕೋವಿಗೂ ಇರುವ ವ್ಯತ್ಯಾಸ ನಳಿಗೆಯೊಳಗಿನ ಸುರುಳಿ ಗೀರು. ಗುಂಡು ಆ ಗೀರುಗಳಿಗೆ ಕಚ್ಚಿಕೊಂಡು, ಬುಗುರಿಯಂತೆ ತಿರುಗುತ್ತ ಹೊರಬೀಳುತ್ತದೆ. ಎಷ್ಟು ವೇಗವಾಗಿ ತಿರುಗುತ್ತದೆ? ಹತ್ತು ಇಂಚಿಗೊಂದು ಸುತ್ತು ಇರುವ ನಳಿಗೆಯಿಂದ ಸೆಕೆಂಡಿಗೆ 2,000 ಅಡಿ ವೇಗದಲ್ಲಿ ಹೊರಟ ಗುಂಡು ಸೆಕೆಂಡಿಗೆ 2,400 ಸುತ್ತು ಹಾಕುತ್ತದೆ. ನಿಮಿಷದ ಲೆಕ್ಕದಲ್ಲಿ 1,44,000 ಸುತ್ತು! ಎರಕ ಹೊಯ್ಯುವಾಗ ಗುಂಡಿನೊಳಗೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆ ಉಳಿದರೂ ತೂಕ ಒಂದು ಬದಿಗೆ ವಾಲಿ, ಈ ವೇಗದಲ್ಲಿ ಆ ಓರೆ ಹಲವು ಪಟ್ಟು ಬೆಳೆಯುತ್ತದೆ. ಹೊರಗಿನಿಂದ ನೋಡಿದರೆ ಗುಳ್ಳೆ ಕಾಣುವುದಿಲ್ಲ, ಆದರೆ ತಕ್ಕಡಿಗೆ ಗೊತ್ತಾಗುತ್ತದೆ. ಅದಕ್ಕೇ ಕಸುಬು ಬಲ್ಲವರು ಎರೆದ ಗುಂಡುಗಳನ್ನು ಒಂದೊಂದಾಗಿ ತೂಗಿ, ಹಗುರವಾದವನ್ನು ಮತ್ತೆ ಕರಗುವ ಪಾತ್ರೆಗೆ ಹಾಕುತ್ತಾರೆ.

ತೂಕದ ಮಾತು ಬಂತಲ್ಲ, ಅಮೆರಿಕದವರು ಗುಂಡನ್ನು ಗ್ರೇನ್‌ಗಳಲ್ಲಿ ತೂಗುತ್ತಾರೆ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಚಿನ್ನದಂಗಡಿಯ ಒಂದು ತೊಲ ಎಂದರೆ ಸರಿಯಾಗಿ 180 ಗ್ರೇನ್. ಅಮೆರಿಕದ ಬೇಟೆಗಾರರಿಗೆ ಅತಿ ಪರಿಚಿತವಾದ .30-06 ರೈಫಲ್‌ನ 180 ಗ್ರೇನ್ ಗುಂಡಿನ ತೂಕ, ಹೀಗಾಗಿ, ಒಂದು ತೊಲ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಗುಂಡು ನಳಿಗೆಗಿಂತ ಒಂದು ಕೂದಲೆಳೆ ದಪ್ಪ ಇರಬೇಕು. ಇದು ಎರಕದ ಗುಂಡಿನ ಮೊದಲ ನಿಯಮ, ನನ್ನ ಮಟ್ಟಿಗೆ ಕೊನೆಯ ನಿಯಮವೂ ಹೌದು. ಕಾರ್ಖಾನೆಯಲ್ಲಿ ತಾಮ್ರದ ಹೊದಿಕೆ ಹಾಕಿ ಮಾಡಿದ .30 ಗುಂಡು 0.308 ಇಂಚು ಇದ್ದರೆ, ಅದೇ ನಳಿಗೆಗೆ ಎರೆದ ಸೀಸದ ಗುಂಡು ಸಾಮಾನ್ಯವಾಗಿ 0.309 ಇಂಚು ಇರುತ್ತದೆ. ಒಂದು ಇಂಚಿನ ಸಾವಿರದಲ್ಲೊಂದು ಭಾಗ ಹೆಚ್ಚು. ಇದರ ಬದಲು ಅಷ್ಟೇ ಕಡಿಮೆಯಾದರೆ? ಉರಿದ ಮದ್ದಿನ ಅನಿಲ ಗುಂಡಿನ ಪಕ್ಕದಿಂದ ನುಗ್ಗಿ, ಸೀಸವನ್ನು ಕೊರೆದು, ನಳಿಗೆಯ ಗೋಡೆಗೆ ಮೆತ್ತುತ್ತದೆ. ಹಾಗೆ ಮೆತ್ತಿದ ನಳಿಗೆಯಿಂದ ಮುಂದೆ ಹೊಡೆದ ಗುಂಡುಗಳೆಲ್ಲ ದಿಕ್ಕುತಪ್ಪುತ್ತವೆ.

ನಳಿಗೆಯ ಒಳ ಅಳತೆ ತಿಳಿಯುವ ಉಪಾಯ ಸರಳ. ಮದ್ದಿಲ್ಲದ ಖಾಲಿ ಕೋವಿಯ ನಳಿಗೆಗೆ ಎಣ್ಣೆ ಸವರಿ, ಮೆತ್ತನೆಯ ಸೀಸದ ತುಂಡೊಂದನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಳ್ಳುತ್ತಾರೆ. ಹೊರಬಂದ ತುಂಡಿನ ಮೇಲೆ ಗೀರುಗಳ ಪೂರ್ತಿ ಪಡಿಯಚ್ಚು. ಮೈಕ್ರೋಮೀಟರ್‌ನಲ್ಲಿ ಅಳೆದರೆ ಮುಗಿಯಿತು. ಒಂದೇ ಹೆಸರಿನ ಎರಡು ರೈಫಲ್‌ಗಳಲ್ಲಿ ಈ ಅಳತೆ ಬೇರೆ ಬೇರೆ ಬರುವುದುಂಟು. ನಮ್ಮ ಪೊಲೀಸರ ಹೆಗಲಿನಲ್ಲಿ ದಶಕಗಳ ಕಾಲ ಇದ್ದ .303 ರೈಫಲ್ ಈ ವಿಷಯದಲ್ಲಿ ಹೆಸರಾದದ್ದು. ಯುದ್ಧಕಾಲದ ಅವಸರದಲ್ಲಿ ತಯಾರಾದ ನಳಿಗೆಗಳ ಒಳ ಅಳತೆ ಒಂದರಿಂದ ಒಂದಕ್ಕೆ ಸಾಕಷ್ಟು ಹೆಚ್ಚುಕಡಿಮೆ ಇರುತ್ತಿತ್ತು.

ಮೂತಿಗಿಂತ ತಳ ಮುಖ್ಯ! ಗುಂಡಿನ ಚೂಪು ತುದಿಯೇ ಗುರಿಯನ್ನು ನಿರ್ಧರಿಸುತ್ತದೆ ಎಂದು ಯಾರಿಗಾದರೂ ಅನಿಸುತ್ತದೆ. ಮ್ಯಾಸಚೂಸೆಟ್ಸ್‌ನ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಇದನ್ನು ಪರೀಕ್ಷಿಸಲು ದಶಕಗಳನ್ನೇ ಕೊಟ್ಟರು. ಕೈ ನಡುಗುವ ದೋಷ ಲೆಕ್ಕಕ್ಕೆ ಬಾರದಿರಲೆಂದು ಕಾಂಕ್ರೀಟಿನ ಕಂಬ ನಿಲ್ಲಿಸಿ, ಅದರ ಮೇಲೆ ನಳಿಗೆ ಕೂರಿಸಿದರು. ಆ ಕಂಬಕ್ಕೆ ಜಿಬ್ರಾಲ್ಟರ್ ಎಂದು ಹೆಸರಿಟ್ಟಿದ್ದರು. ಸಾಲಾಗಿ ಕಾಗದದ ಪರದೆ ಕಟ್ಟಿ, ಗುಂಡು ಒಂದೊಂದನ್ನೂ ತೂರುವಾಗ ಎಷ್ಟು ಓರೆಯಾಗಿತ್ತೆಂದು ರಂಧ್ರಗಳಿಂದ ಓದಿದರು. ಬೇಕೆಂದೇ ಕೆಲವು ಗುಂಡುಗಳ ಮೂತಿ ಕೆಡಿಸಿದರು, ಕೆಲವುಗಳ ತಳ ಕೆಡಿಸಿದರು. ಮೂತಿ ಕೆಟ್ಟ ಗುಂಡುಗಳು ಹೆಚ್ಚು ಕಡಿಮೆ ಗುರಿಯ ಹತ್ತಿರವೇ ಬಿದ್ದವು. ತಳ ಓರೆಯಾದವು ಚೆದುರಿಹೋದವು. ಕಾರಣವೂ ಸ್ಪಷ್ಟ. ನಳಿಗೆಯ ಬಾಯಿಯನ್ನು ಕೊನೆಗೆ ಬಿಡುವುದು ಗುಂಡಿನ ತಳ. ಆ ಕ್ಷಣ ತಳದ ಒಂದು ಅಂಚಿನಿಂದ ಅನಿಲ ಮೊದಲು ಹಾರಿದರೆ, ಗುಂಡನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ. ಅವರ ಪುಸ್ತಕ 1909ರಲ್ಲಿ ಬಂತು. ನೂರು ಬಾರಿ ಪರೀಕ್ಷಿಸದೆ ಒಂದು ಮಾತನ್ನೂ ನಂಬದ ಆ ಹಟಕ್ಕೆ ಕೈ ಮುಗಿಯಬೇಕು. ಇಂದಿಗೂ ಗುಂಡು ಎರೆಯುವವರು ಅಚ್ಚಿನಿಂದ ಬಂದ ಗುಂಡನ್ನು ತಿರುಗಿಸಿ ಮೊದಲು ನೋಡುವುದು ತಳದ ಅಂಚನ್ನೇ.

ಗುಂಡು ಸುಕ್ಕಾದರೆ ಅಚ್ಚು ತಣ್ಣಗಿದೆ, ಮೈ ಬೂದಿ ಬಡಿದಂತೆ ಮಂಕಾದರೆ ಅಚ್ಚು ವಿಪರೀತ ಕಾದಿದೆ. ಎರಕದವರು ಥರ್ಮಾಮೀಟರಿಗಿಂತ ಮೊದಲು ಗುಂಡಿನ ಮೈಯನ್ನೇ ಓದುತ್ತಾರೆ. ಅಚ್ಚಿನಲ್ಲಿ ಎಣ್ಣೆಯ ಪಸೆ ಉಳಿದರೂ ಸುಕ್ಕು ಬರುತ್ತದೆ. ಮೊದಲ ಕೆಲವು ಗುಂಡುಗಳು ಅಚ್ಚು ಹದಕ್ಕೆ ಬರುವ ತನಕದವು, ಅವು ಹಾಗೇ ವಾಪಸು ಪಾತ್ರೆಗೆ. ಆಮೇಲೆ ಒಂದೇ ಲಯದಲ್ಲಿ ಸುರಿದು, ಒಂದೇ ಹೊತ್ತು ಕಾದು, ಅಚ್ಚು ತೆರೆಯುವವನ ಗುಂಡುಗಳು ಒಂದೇ ತೂಕಕ್ಕೆ ಬರುತ್ತವೆ.

ಶುದ್ಧ ಸೀಸ ಉಗುರಿಗೆ ಗೀರುಬೀಳುವಷ್ಟು ಮೆದು. ಸ್ವೀಡನ್ನಿನ ಯೋಹಾನ್ ಬ್ರಿನೆಲ್ 1900ರಲ್ಲಿ ತೋರಿಸಿದ ಗಡಸುತನದ ಅಳತೆಯಲ್ಲಿ ಅದಕ್ಕೆ ಸುಮಾರು 5 ಅಂಕ. ತವರ ಬೆರೆಸಿದರೆ ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತದೆ, ಆಂಟಿಮನಿ ಬೆರೆಸಿದರೆ ಗಟ್ಟಿಯಾಗುತ್ತದೆ. ನೂರಕ್ಕೆ 90 ಪಾಲು ಸೀಸ, 5 ತವರ, 5 ಆಂಟಿಮನಿ ಇರುವ ಮಿಶ್ರಲೋಹಕ್ಕೆ ಲೈಮನ್ ನಂಬರ್ 2 ಎಂದು ಹೆಸರು. ಗಡಸುತನ ಸುಮಾರು 15. ಅಚ್ಚು ತಯಾರಿಸುವ ಲೈಮನ್ ಸಂಸ್ಥೆ ಶುರುವಾದದ್ದು 1878ರಲ್ಲಿ. ಗಡಸುತನ ಅಳೆಯುವ ಯಂತ್ರ ಇಲ್ಲದವರು ಚಿತ್ರಕಾರರ ಪೆನ್ಸಿಲ್‌ಗಳನ್ನು ಸಾಲಾಗಿ ಇಟ್ಟುಕೊಂಡು, ಯಾವ ಪೆನ್ಸಿಲ್ ಗುಂಡಿನ ಮೇಲೆ ಗೀರುತ್ತದೆಂದು ನೋಡಿ ಅಂದಾಜು ಮಾಡುತ್ತಾರೆ.

ಹಳೆಯ ಅಚ್ಚುಕೂಟದ ಮೊಳೆಗಳಿಗೂ ಬೇಟೆಯ ಗುಂಡಿಗೂ ನಂಟಿದೆ. ಕನ್ನಡದ ಪುಸ್ತಕ, ಪತ್ರಿಕೆಗಳನ್ನು ಮೊಳೆ ಜೋಡಿಸಿ ಅಚ್ಚುಮಾಡುತ್ತಿದ್ದ ಕಾಲದ ಆ ಮೊಳೆಗಳೂ ಸೀಸ, ತವರ, ಆಂಟಿಮನಿಗಳ ಬೆರಕೆಯೇ. ಸಾಲಿಗೆ ಸಾಲನ್ನೇ ಎರಕ ಹೊಯ್ಯುತ್ತಿದ್ದ ಲೈನೋಟೈಪ್ ಯಂತ್ರ 1886ರಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ಮೊದಲು ಕೆಲಸಕ್ಕಿಳಿಯಿತು. ಅದರ ಲೋಹದಲ್ಲಿ 84 ಪಾಲು ಸೀಸ, 12 ಆಂಟಿಮನಿ, 4 ತವರ. ಶುದ್ಧ ಸೀಸಕ್ಕಿಂತ ಸುಮಾರು 80 ಡಿಗ್ರಿ ಕಡಿಮೆ ಶಾಖದಲ್ಲಿ ಕರಗುತ್ತದೆ, ನಡುವೆ ಅಂಬಲಿಯಾಗದೆ ಥಟ್ಟನೆ ಗಟ್ಟಿಯಾಗುತ್ತದೆ, ಅಕ್ಷರದ ಸೂಕ್ಷ್ಮ ಗೆರೆಯನ್ನೂ ಬಿಡದೆ ಮೂಡಿಸುತ್ತದೆ. ಅಕ್ಷರಕ್ಕೆ ಒಳ್ಳೆಯದಾದ ಈ ಗುಣಗಳೆಲ್ಲ ಗುಂಡಿಗೂ ಒಳ್ಳೆಯವೇ. 1978ರ ಜುಲೈ 2ರಂದು ನ್ಯೂಯಾರ್ಕ್ ಟೈಮ್ಸ್ ಕೊನೆಯ ಬಾರಿಗೆ ಬಿಸಿ ಲೋಹದಲ್ಲಿ ಪತ್ರಿಕೆ ಸಿದ್ಧಪಡಿಸಿತು. ಅಮೆರಿಕದ ಅಚ್ಚುಕೂಟಗಳು ಹೀಗೆ ಒಂದೊಂದಾಗಿ ಬದಲಾದಂತೆ ಗುಜರಿಗೆ ಬಂದ ಲೋಹವನ್ನು ಗುಂಡು ಎರೆಯುವವರು ಕೊಂಡು ಕೂಡಿಟ್ಟುಕೊಂಡರು. ಅವರ ಇನ್ನೊಂದು ಗಣಿ ಎಂದರೆ ಟಯರ್ ಅಂಗಡಿ: ಚಕ್ರದ ಸಮತೋಲಕ್ಕೆ ಬಡಿಯುತ್ತಿದ್ದ ಸೀಸದ ತುಂಡುಗಳು. ಈಗ ಅವುಗಳ ಜಾಗಕ್ಕೆ ಸತುವು, ಉಕ್ಕು ಬಂದು ಆ ಗಣಿಯೂ ಬತ್ತುತ್ತಿದೆ.

ಗಟ್ಟಿಯಾದಷ್ಟೂ ಗುರಿ ಚೆನ್ನ ಎಂಬುದು ತಪ್ಪು ತಿಳಿವಳಿಕೆ. ಕಡಿಮೆ ಮದ್ದಿನ ತೋಟಾದಲ್ಲಿ ಅತಿ ಗಡಸು ಗುಂಡು ಇಟ್ಟರೆ, ಒತ್ತಡಕ್ಕೆ ಅದರ ತಳ ಅರಳಿ ನಳಿಗೆಯನ್ನು ತುಂಬುವುದಿಲ್ಲ. ಅನಿಲ ಸೋರುತ್ತದೆ, ಸೀಸ ಮೆತ್ತುತ್ತದೆ. ಬೇಟೆಯಲ್ಲೂ ಅಷ್ಟೇ. ಲೈನೋಟೈಪ್ ಲೋಹದ ಗುಂಡು ಒಳಗೆ ಅರಳದೆ ತೂರಿಹೋಗಬಹುದು, ಇಲ್ಲವೇ ಒಡೆಯಬಹುದು. ಮೆತ್ತನೆಯ ಮಿಶ್ರಲೋಹ, ಚಪ್ಪಟೆ ಮೂತಿ, ಮಿತವಾದ ವೇಗ, ಇವು ಮೂರೂ ಕೂಡಿದರೆ ಪ್ರಾಣಿ ನರಳದೆ ಬೀಳುತ್ತದೆ. ಬೇಟೆ ಕಾನೂನುಬದ್ಧವಾಗಿರುವ ನಾಡಿನಲ್ಲಿ ಬೇಟೆಗಾರನ ಮೊದಲ ಜವಾಬ್ದಾರಿ ಇದೇ.

ಮೂತಿ ಚಪ್ಪಟೆ ಇರಲು ಇನ್ನೊಂದು ಕಾರಣವೂ ಇದೆ. 1894ರ ವಿಂಚೆಸ್ಟರ್‌ನಂಥ ರೈಫಲ್‌ಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಕೂರುತ್ತವೆ. ಚೂಪು ಮೂತಿಯಾದರೆ ಮುಂದಿನ ತೋಟಾದ ಕೇಪಿಗೆ ತಾಗಿ ಕೊಳವೆಯೊಳಗೇ ಸಿಡಿಯುವ ಅಪಾಯ.

ಸೀಸದ ಗುಂಡಿಗೆ ಜಿಡ್ಡು ಬೇಕೇ ಬೇಕು. ಮೈಮೇಲಿನ ಸಣ್ಣ ಕಾಲುವೆಗಳಲ್ಲಿ ಜೇನುಮೇಣ ಬೆರೆತ ಜಿಡ್ಡು ತುಂಬುತ್ತಾರೆ. ನಳಿಗೆಗೆ ಸೀಸ ಅಂಟದಂತೆ, ಮದ್ದಿನ ಮಸಿ ಗಟ್ಟಿಯಾಗದಂತೆ ಅದು ನೋಡಿಕೊಳ್ಳುತ್ತದೆ. 1853ರ ಎನ್‌ಫೀಲ್ಡ್ ರೈಫಲ್‌ನ ಕಾಗದದ ತೋಟಾಕ್ಕೆ ಜಿಡ್ಡು ಸವರಿದ್ದು ಇದಕ್ಕೇ. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ಆ ಜಿಡ್ಡು ದನದ್ದು, ಹಂದಿಯದು ಎಂಬ ಮಾತು ಸಿಪಾಯಿಗಳಲ್ಲಿ ಹಬ್ಬಿ 1857ರ ಬಂಡಾಯಕ್ಕೆ ಕಿಡಿಯಾಯಿತು. ಅದೇ ವರ್ಷ ಆಯುಧ ಒಪ್ಪಿಸಿ ಎಂಬ ಕಂಪನಿ ಸರ್ಕಾರದ ಆಜ್ಞೆಯನ್ನು ಧಿಕ್ಕರಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ಎದ್ದು ನಿಂತರು.

ತಳ ಟೊಳ್ಳಾದ ಗುಂಡು ಫ್ರಾನ್ಸಿನ ಕ್ಲೋದ್ ಮಿನಿಯೇ ಅವರದು, 1840ರ ದಶಕದ ಕೊನೆಯದು. ನಳಿಗೆಯ ಬಾಯಿಂದ ಸಲೀಸಾಗಿ ಇಳಿಯುವಷ್ಟು ಸಣ್ಣದು. ಸಿಡಿದಾಗ ಟೊಳ್ಳು ಅರಳಿ ಗೀರುಗಳಿಗೆ ಕಚ್ಚುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಕಡೆಯವರು ಹಾರಿಸಿದ್ದು ಇಂಥ ಗುಂಡುಗಳನ್ನೇ.

ಕಾಗದ ಉಡಿಸಿದ ಗುಂಡೂ ಉಂಟು! ತೆಳ್ಳನೆಯ ಹತ್ತಿ ಕಾಗದವನ್ನು ಒದ್ದೆ ಮಾಡಿ ಗುಂಡಿಗೆ ಎರಡು ಸುತ್ತು ಸುತ್ತಿ ಒಣಗಿಸುತ್ತಾರೆ. ಸೀಸ ನಳಿಗೆಗೆ ತಾಗುವುದೇ ಇಲ್ಲ. ಹೊರಬಂದ ಕೂಡಲೇ ಕಾಗದ ಚಿಂದಿಯಾಗಿ ಉದುರುತ್ತದೆ. 1874ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ 800, 900, 1,000 ಗಜ ದೂರದ ಗುರಿಗಳಿಗೆ ಐರ್ಲೆಂಡ್ ಮತ್ತು ಅಮೆರಿಕ ತಂಡಗಳು ಸೀಸದ ಗುಂಡುಗಳಿಂದಲೇ ಸ್ಪರ್ಧಿಸಿದವು. 934ಕ್ಕೆ 931 ಅಂಕಗಳಿಂದ ಅಮೆರಿಕ ಗೆದ್ದಿತು. ಐರಿಷ್ ತಂಡದ ಒಬ್ಬರ ಗುಂಡು ನಟ್ಟನಡುವೆಯೇ ಬಿತ್ತು, ಆದರೆ ಪಕ್ಕದ ಗುರಿಹಲಗೆಯಲ್ಲಿ. ಅದಕ್ಕೆ ಸೊನ್ನೆ ಅಂಕ. ಮೂರು ಅಂಕದ ಸೋಲಿನಲ್ಲಿ ಆ ಒಂದು ಗುಂಡಿನ ಬೆಲೆ ಎಷ್ಟೆಂದು ಯೋಚಿಸಿ.

ಇನ್ನು ಗುರಿಯ ವಿಷಯದಲ್ಲಿ ನನ್ನ ಅತಿ ಮೆಚ್ಚಿನ ದಾಖಲೆ. 1901ರ ಮೇ ತಿಂಗಳಲ್ಲಿ ಕೊಲರಾಡೊದ ಸಿ. ಡಬ್ಲ್ಯೂ. ರೋಲೆಂಡ್ 200 ಗಜ, ಅಂದರೆ 183 ಮೀಟರ್ ದೂರಕ್ಕೆ ಹತ್ತು ಸೀಸದ ಗುಂಡು ಹೊಡೆದರು. ಅತಿ ದೂರದ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಅಂತರ 0.725 ಇಂಚು, 18 ಮಿಲಿಮೀಟರ್ ಚಿಲ್ಲರೆ. ನಮ್ಮ ಒಂದು ರೂಪಾಯಿ ನಾಣ್ಯದ ಅಗಲಕ್ಕಿಂತಲೂ ಕಡಿಮೆ! ಆ ನಳಿಗೆಯನ್ನು ಮಾಡಿದವರು ಹ್ಯಾರಿ ಪೋಪ್. ಅವರ ವಿಧಾನದಲ್ಲಿ ಗುಂಡನ್ನು ನಳಿಗೆಯ ಬಾಯಿಂದ ತಳ್ಳಿ, ತೋಟಾವನ್ನು ಹಿಂದಿನಿಂದ ಹಾಕುತ್ತಿದ್ದರು. ಹಾಗೆ ತಳ್ಳುವಾಗಲೇ ಗೀರುಗಳು ಮೂಡಿ, ಸಿಡಿಯುವ ಮೊದಲೇ ಗುಂಡು ತನ್ನ ಜಾಗದಲ್ಲಿ ನೇರವಾಗಿ ಕೂತಿರುತ್ತಿತ್ತು. ಗುಂಡು ಹೊರಡುವ ಮೊದಲೇ ನೇರ ಇರಬೇಕು ಎಂಬ ಈ ತತ್ತ್ವವನ್ನು ಇಂದಿನ ಎರಕದವರೂ ಬಿಟ್ಟಿಲ್ಲ. ನಳಿಗೆಯ ಗಂಟಲಿಗೆ ಸರಿಯಾಗಿ ಕೂರುವ ಅಚ್ಚಿಗಾಗಿ ಹುಡುಕುತ್ತಲೇ ಇರುತ್ತಾರೆ.

ಹಾಗಾದರೆ ತಾಮ್ರದ ಹೊದಿಕೆ ಬಂದದ್ದೇಕೆ? ಕರಿಮದ್ದಿನ ಕಾಲದಲ್ಲಿ ಗುಂಡಿನ ವೇಗ ಸೆಕೆಂಡಿಗೆ 1,300–1,400 ಅಡಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇ ಹೊಗೆಯಿಲ್ಲದ ಮದ್ದು ಕಂಡುಹಿಡಿದರು. ವೇಗ 2,000 ಅಡಿ ದಾಟಿತು. ಮೆತ್ತನೆಯ ಸೀಸ ಗೀರು ಹಿಡಿದು ತಿರುಗುವ ಬದಲು ಹರಿದುಕೊಂಡು ನೇರ ಜಾರತೊಡಗಿತು. ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ರೂಬಿನ್ 1882ರಲ್ಲೇ ಮಾಡಿದ್ದ ತಾಮ್ರದ ಹೊದಿಕೆಯ ಗುಂಡಿಗೆ ಆಗ ಬೆಲೆ ಬಂತು. ಬೆಂಗಳೂರಿನ ಕೆನ್ನೆತ್ ಆಂಡರ್ಸನ್ ಅವರ ಬೇಟೆಯ ಕತೆಗಳನ್ನು ತೇಜಸ್ವಿಯವರ ಕನ್ನಡದಲ್ಲಿ ಓದಿದವರಿಗೆ ಅವರ .405 ವಿಂಚೆಸ್ಟರ್ ನೆನಪಿರಬಹುದು. ಅದು 300 ಗ್ರೇನ್‌ನ ಹೊದಿಕೆಯ ಗುಂಡನ್ನು ಸುಮಾರು 2,200 ಅಡಿ ವೇಗದಲ್ಲಿ ಕಳಿಸುತ್ತಿದ್ದ ಕೋವಿ.

ಬರಿಯ ಸೀಸದವರು ಸುಮ್ಮನೆ ಕೂರಲಿಲ್ಲ. 20ನೇ ಶತಮಾನದ ಮೊದಲ ದಶಕದಲ್ಲಿ ಜಾನ್ ಬಾರ್ಲೋ ಗುಂಡಿನ ತಳಕ್ಕೆ ತಾಮ್ರದ ಪುಟ್ಟ ಬಿಲ್ಲೆ ತೊಡಿಸಿದರು. ಗ್ಯಾಸ್ ಚೆಕ್ ಎಂದು ಅದರ ಹೆಸರು. ಮ್ಯಾನ್ ಹೇಳಿದ ಆ ಸೂಕ್ಷ್ಮ ತಳಕ್ಕೆ ಇದೊಂದು ಕವಚ. ಇದನ್ನು ತೊಟ್ಟ ಗುಂಡು ಸುಮಾರು 2,000 ಅಡಿ ವೇಗದಲ್ಲೂ ನಂಬಿಕೆ ಉಳಿಸಿಕೊಳ್ಳುತ್ತದೆ. ಅದಕ್ಕೂ ಹೆಚ್ಚು ವೇಗಕ್ಕೆ ಆಸೆಪಟ್ಟವರ ಗುರಿಯೇ ಮೊದಲು ಕೆಡುತ್ತದೆ. ವೇಗ ತಗ್ಗಿಸಿದರೆ ಗುರಿ ಕೂಡಿಬರುವುದನ್ನು ಎರಕದವರು ಮತ್ತೆ ಮತ್ತೆ ಕಾಣುತ್ತಾರೆ.

ಕಾದ ಸೀಸಕ್ಕೆ ಒಂದು ಹನಿ ನೀರು ಸಾಕು, ಅನಾಹುತಕ್ಕೆ. ಮೇಲ್ಮೈ ಕೆಳಗೆ ಸಿಕ್ಕ ತೇವ ತಟಕ್ಕನೆ ಆವಿಯಾಗಿ ಪಾತ್ರೆಯ ಲೋಹವನ್ನೆಲ್ಲ ಎರಚುತ್ತದೆ. ಕನ್ನಡಕ, ಕೈಗವಸು, ಉದ್ದ ತೋಳಿನ ಅಂಗಿ ಇಲ್ಲದೆ ಯಾರೂ ಒಲೆಯ ಹತ್ತಿರ ಹೋಗಬಾರದು. ಸೀಸ ಕುದಿಯಲು 1,749 ಡಿಗ್ರಿ ಬೇಕಾದ್ದರಿಂದ ಎರಕದ ಶಾಖದಲ್ಲಿ ಅದರ ಆವಿ ತೀರಾ ಅತ್ಯಲ್ಪ. ಮುಖ್ಯ ಅಪಾಯ ಮೇಲೆ ಕಟ್ಟುವ ಕಿಟ್ಟದ ಧೂಳಿನಲ್ಲಿದೆ, ಕೈಯಿಂದ ಬಾಯಿಗೆ ಹೋಗುವುದರಲ್ಲಿದೆ. ಮಕ್ಕಳ ಮಿದುಳಿಗೆ ಸೀಸ ಎಷ್ಟೇ ಸ್ವಲ್ಪವಾದರೂ ಒಳ್ಳೆಯದಲ್ಲ. ಅಡುಗೆಮನೆ, ಅಡುಗೆಯ ಪಾತ್ರೆ ಈ ಕೆಲಸಕ್ಕೆ ಎಂದೂ ಸಲ್ಲವು.

ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆ ನಿಷಿದ್ಧ. 1959ರ ಆಯುಧ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಇನ್ನೂ ಹತ್ತು ವರ್ಷ ಮುಂದುವರಿಸಿತು. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜಿಸಿ, ಆಮೇಲೆ ತೆಂಗಿನಕಾಯಿಗೆ ಗುರಿಯಿಡುತ್ತಾರೆ.

ಕೊನೆಗೆ, ಸೀಸದ ಗುಂಡಿನ ಬಹುದೊಡ್ಡ ಚರ್ಚೆಗೆ ಕಾರಣವಾದದ್ದು ಒಂದು ಹದ್ದಿನಂಥ ಹಕ್ಕಿ. ಕ್ಯಾಲಿಫೋರ್ನಿಯಾ ಕಾಂಡರ್‌ಗಳ ಸಂಖ್ಯೆ 1982ರಲ್ಲಿ 22ಕ್ಕೆ ಇಳಿದಿತ್ತು. 1987ರಲ್ಲಿ ಕಾಡಿನಲ್ಲಿ ಉಳಿದ ಕೊನೆಯದನ್ನೂ ಹಿಡಿದು, ಸಾಕಿ ಮರಿ ಮಾಡಿಸಿ, ಮತ್ತೆ ಬಿಟ್ಟರು. ಬಿಟ್ಟ ಮೇಲೆ ಅವುಗಳನ್ನು ಅತಿ ಹೆಚ್ಚು ಕೊಂದದ್ದು ಸೀಸದ ವಿಷ. ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋದ ಪ್ರಾಣಿಯ ಕರುಳು, ಆ ಕರುಳಿನೊಳಗೆ ಕಣ್ಣಿಗೆ ಕಾಣದ ಗುಂಡಿನ ಚೂರು. ವೇಗ ಹೆಚ್ಚಿದಷ್ಟೂ ಸೀಸ ಹೆಚ್ಚು ಚೂರಾಗುತ್ತದೆ. ನಿಧಾನವಾಗಿ ಹೋಗುವ ಎರಕದ ಗುಂಡು ಕಡಿಮೆ ಚೂರಾದೀತು ನಿಜ, ಆದರೆ ವಿಷ ವಿಷವೇ. ಗುರಿಯ ಕುಶಲತೆಯನ್ನು ಎಷ್ಟೇ ಮೆಚ್ಚಿದರೂ ಇಲ್ಲಿ ನಾನು ಹಕ್ಕಿಯ ಪರ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಯಲ್ಲಿ ಸೀಸವನ್ನು ಪೂರ್ತಿ ನಿಷೇಧಿಸಿದೆ. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು, 2024ರ ಏಪ್ರಿಲ್‌ನಿಂದ ರೈಫಲ್ ಗುಂಡನ್ನೂ ನಿಲ್ಲಿಸಿತು. ಕಾಂಡರ್‌ಗಳು ಈಗ 500ಕ್ಕೂ ಹೆಚ್ಚಿವೆ. ಕ್ಯಾಲಿಫೋರ್ನಿಯಾದ ಕಾನೂನು ಬೇಟೆಗೆ ಮಾತ್ರ ಅನ್ವಯ. ಗುರಿಯ ಮೈದಾನದಲ್ಲಿ, ಕಾಗದದ ಹಲಗೆಯ ಮುಂದೆ, ಮನೆಯಲ್ಲಿ ಎರೆದ ಸೀಸದ ಗುಂಡು ಅಲ್ಲಿ ಇಂದಿಗೂ ಕಾನೂನುಬದ್ಧವೇ.